ಕತ್ತರಿಸಿ ಎಸೆದ ಆರು ಸೆಕೆಂಡು

ವಿಡಿಯೋ ಮುಗಿದು ಸಂಘದ ಹಾಲಿನ ದೀಪ ಹೊತ್ತಿದಾಗ ಎಂಬತ್ತು ಜನರಲ್ಲಿ ಎಪ್ಪತ್ತೊಂಬತ್ತು ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಉತ್ಪ್ರೇಕ್ಷೆ ಅಲ್ಲ, ನಾನು ತಿರುಗಿ ನೋಡಿದೆ. ವಿಡಿಯೋ ಮಾಡಿಸಿದವಳು ನಾನು. ಯಾರು ಅತ್ತರು, ಯಾರು ಅಳಲಿಲ್ಲ ಎಂದು ನೋಡುವಷ್ಟು ಹಕ್ಕು ನನಗಿರಬೇಡವೇ?

ಅಳದೇ ಕೂತಿದ್ದ ಎಂಬತ್ತನೆಯವರು ಭೀಮರಾಯರು. ವಿಡಿಯೋ ಇದ್ದದ್ದೇ ಅವರ ಹೆಂಡತಿ ಶಕುಂತಲಕ್ಕನ ನೆನಪಿಗೆ. ನನಗೆ ಸ್ವಲ್ಪ ಸಿಟ್ಟೇ ಬಂತು. ಎಷ್ಟೊಂದು ಕಷ್ಟಪಟ್ಟಿದ್ದೇವೆ, ಒಂದು ಹನಿ ಕಣ್ಣೀರಾದರೂ ಬೇಡವಾ? (ಹೌದು, ಹೀಗೇ ಯೋಚಿಸಿದೆ. ಈ ಅಂಕಣದಲ್ಲಿ ನಾನು ಒಳ್ಳೆಯವಳೆಂದು ಯಾವತ್ತೂ ಹೇಳಿಕೊಂಡಿಲ್ಲ.)

ಜನ ಊಟದ ಕಡೆ ಹೊರಟ ಮೇಲೆ ರಾಯರು ನಿಧಾನಕ್ಕೆ ನನ್ನ ಬಳಿ ಬಂದರು. ಧಾರವಾಡದವರು. ರೈಲ್ವೆಯಲ್ಲಿದ್ದು ರಿಟೈರ್ ಆಗಿ, ದಕ್ಷಿಣೇಶ್ವರದಲ್ಲಿ ಮಗಳು ಅಳಿಯನ ಜೊತೆ ಇದ್ದಾರೆ. ಮೂವತ್ತು ವರ್ಷ ಕೋಲ್ಕತ್ತಾದಲ್ಲಿದ್ದರೂ ಅವರ ಮಾತಿಗೆ ಹೂಗ್ಲಿಯ ನೀರು ತಾಗಿಲ್ಲ.

"ಎಲ್ಲಾ ಛಲೋ ಆಗೇದ, ವಿಮಲಾ ಅವರ," ಎಂದರು. "ಆದ್ರ ಆಕಿ 'ತಡೀರ್ರಿ' ಅನ್ನೂದು ಎಲ್ಲಿ ಹೋತು?"

ಅದು ಎಲ್ಲಿಗೆ ಹೋಯಿತೆಂದು ಇಡೀ ಹಾಲಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ನಾನು. ಇನ್ನೊಬ್ಬಳು ಆಗಲೇ ಲುಚಿ ಆಲೂರದಮ್‌ನ (ನಮ್ಮ ಪೂರಿ ಪಲ್ಯ ಎನ್ನಿ) ಕ್ಯೂನಲ್ಲಿ ನಿಂತಿದ್ದಳು.

ಮೊದಲಿಂದ ಹೇಳುತ್ತೇನೆ.

ನಮ್ಮ ಕನ್ನಡ ಸಂಘದ ಯಾವ ಕಾರ್ಯಕ್ರಮವಿರಲಿ, ಶುರುವಾಗುತ್ತಿದ್ದದ್ದು ಶಕುಂತಲಕ್ಕನ ಆರತಿ ಹಾಡಿನಿಂದ. ಅವರಜ್ಜಿಯಿಂದ ಬಂದ ಹಾಡು. ಯಾವ ಪುಸ್ತಕದಲ್ಲೂ ಇಲ್ಲ, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಅಕ್ಕನ ಕಂಠ ಸಂಗೀತಗಾರರದ್ದಲ್ಲ, ಆದರೆ ಮೈಕಿನ ಹಂಗಿಲ್ಲದ ಗಟ್ಟಿ ಕಂಠ. ಒಂದೇ ತೊಂದರೆ. ಶ್ರುತಿಪೆಟ್ಟಿಗೆ ಇಲ್ಲದೆ ಹಾಡುವ ಅಭ್ಯಾಸವಾದ್ದರಿಂದ ಪ್ರತಿ ಸಲವೂ ಬಹಳ ಎತ್ತರದಲ್ಲಿ ಶುರುಮಾಡಿಬಿಡುತ್ತಿದ್ದರು. ಮೊದಲ ಸಾಲು ಮುಗಿಯುವ ಹೊತ್ತಿಗೆ, ಮುಂದಿನ ಸಾಲು ತನ್ನ ಗಂಟಲಿಗೆ ಎಟುಕುವುದಿಲ್ಲ ಎಂದು ಅವರಿಗೇ ತಿಳಿಯುತ್ತಿತ್ತು.

ಆಗ ಏನು ಮಾಡುತ್ತಿದ್ದರು ಗೊತ್ತೇ? ಬೇರೆಯವರಾದರೆ ಕಿರುಚಿಕೊಂಡಾದರೂ ಮುಗಿಸುತ್ತಾರೆ. ಇವರು ನಡುರಸ್ತೆಯಲ್ಲಿ ಟ್ರಾಮ್ ನಿಲ್ಲಿಸುವವರ ಹಾಗೆ ಬಲಗೈ ಎತ್ತಿ, ನಮ್ಮೆಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು.

"ತಡೀರ್ರಿ, ಶ್ರುತಿ ಭಾಳ ಮ್ಯಾಲಾತು. ಇಳಸ್ತೀನಿ."

ಒಂದು ಸಲ ಗಂಟಲು ಸರಿಮಾಡಿಕೊಂಡು, ಎರಡು ಮೆಟ್ಟಿಲು ಕೆಳಗಿಳಿದು, ಮತ್ತೆ ಮೊದಲಿಂದ ಹಾಡುತ್ತಿದ್ದರು. ಸಭೆ ನಗುತ್ತಿತ್ತು, ಅವರೂ ನಗುತ್ತಿದ್ದರು. ಮುಂದಿನ ವರ್ಷ ಮತ್ತೆ ಅದೇ. ನಾನೇ ಎಷ್ಟೋ ಸಲ ಹೇಳಿದ್ದೆ, ಅಕ್ಕಾ, ಮೊದಲೇ ಕೆಳಗೆ ಹಿಡಿದರೆ ಆಗದೇ ಎಂದು. ಆಗಲಿ ಎನ್ನುತ್ತಿದ್ದರು. ಆಮೇಲೆ ಅವರ ಪಾಡಿಗೆ ಅವರು ಮೇಲೇರುತ್ತಿದ್ದರು.

ಈ ಆಷಾಢದಲ್ಲಿ ಶಕುಂತಲಕ್ಕ ಹೋಗಿಬಿಟ್ಟರು. ಹೃದಯಾಘಾತ. ಬೆಳಿಗ್ಗೆ ಮಾರ್ಕೆಟ್ಟಿನಿಂದ ಸೊಪ್ಪು ತಂದಿಟ್ಟವರು ಮಧ್ಯಾಹ್ನಕ್ಕೆ ಇಲ್ಲ.

ಅದಕ್ಕೂ ಮೊದಲು ನಮ್ಮ ಮೆಚ್ಚಿನ ನಟರೊಬ್ಬರು ತೀರಿಕೊಂಡಿದ್ದರು. ಕೋಲ್ಕತ್ತಾದ ಕೇಬಲ್‌ನಲ್ಲಿ ಕನ್ನಡ ಚಾನೆಲ್ ಬರುವುದಿಲ್ಲ ಎಂದು ನಿಮಗೆ ಗೊತ್ತು. (ನನ್ನ ಈ ಗೋಳನ್ನು ನೀವು ಎಷ್ಟು ಸಲ ಓದಿದ್ದೀರೋ!) ಬೆಂಗಳೂರಿನಿಂದ ಯಾರೋ ಶ್ರದ್ಧಾಂಜಲಿ ಕಾರ್ಯಕ್ರಮವನ್ನು ಸಿಡಿಗೆ ಹಾಕಿ ತಂದರು. ಸಂಘದ ಹಾಲಿನಲ್ಲಿ ಎಲ್ಲರೂ ಕೂತು ನೋಡಿದೆವು. ಫೋಟೋ ನಿಧಾನಕ್ಕೆ ದೊಡ್ಡದಾಗುತ್ತದೆ, ಹಿಂದೆ ಕೊಳಲು, ಮೂಲೆಯಲ್ಲಿ ದೀಪ ಉರಿಯುತ್ತದೆ, ಒಂದೊಂದೇ ಹಾಡಿನ ತುಣುಕು ಬರುತ್ತದೆ. ಅವರ ಸಿನಿಮಾ ನೋಡಿಕೊಂಡೇ ಬೆಳೆದವರು ನಾವು. ಬಿಕ್ಕಿಬಿಕ್ಕಿ ಅತ್ತೆವು.

ಶಕುಂತಲಕ್ಕ ಹೋದಾಗ ನನಗೆ ಆ ಸಿಡಿ ನೆನಪಾಯಿತು. ನಮ್ಮ ಅಕ್ಕನಿಗೂ ಅಂಥದ್ದೊಂದು ಯಾಕಿರಬಾರದು? ರಾಜ್ಯೋತ್ಸವಕ್ಕೆ ತೋರಿಸೋಣ ಎಂದು ಸಂಘದಲ್ಲಿ ಹೇಳಿದೆ. ಎಲ್ಲರೂ ಒಪ್ಪಿದರು. ಮಾಡುವವರು ಯಾರು ಎಂದಾಗ ಎಲ್ಲರೂ ರೇಷ್ಮಾಳನ್ನು ನೋಡಿದರು.

ರೇಷ್ಮಾ ತುಮಕೂರಿನ ಹುಡುಗಿ. ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. (ಸಂಬಳವಿಲ್ಲದೆಯೇ ನಾನು ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆಂದು ನಮ್ಮ ಯಜಮಾನರ ಅಂಬೋಣ.) ನ್ಯೂ ಟೌನ್‌ನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಫ್ಲ್ಯಾಟ್ ಮಾಡಿಕೊಂಡಿದ್ದಾಳೆ. ಬಂದ ಹೊಸದರಲ್ಲಿ ಊರಿನ ಊಟ ನೆನೆಸಿಕೊಂಡು ಸಂಘದಲ್ಲಿ ಅತ್ತುಬಿಟ್ಟಿದ್ದಳಂತೆ. ಮುಂದಿನ ಭಾನುವಾರವೇ ಶಕುಂತಲಕ್ಕ ದಕ್ಷಿಣೇಶ್ವರದಿಂದ ಬುತ್ತಿ ಕಟ್ಟಿಕೊಂಡು ಅವಳ ಫ್ಲ್ಯಾಟಿಗೆ ಹೋಗಿದ್ದರು. ಹಾಗಾಗಿ ಈ ಕೆಲಸ ಅವಳಿಗೆ ಯಾರೂ ಹೇರಿದ್ದಲ್ಲ.

ಫೋಟೋಗಳೇನೋ ರಾಶಿ ಸಿಕ್ಕವು. ಹಾಡು ಮಾತ್ರ ಇದ್ದದ್ದು ಒಂದೇ. ಕಾರಣ ಕೇಳಿದರೆ ನಗುತ್ತೀರಿ. ಸಂಘಕ್ಕೆ ಒಂದು ಹ್ಯಾಂಡಿಕ್ಯಾಮ್ ಇದೆ, ಅದಕ್ಕೆ ಒಂದೇ ಕ್ಯಾಸೆಟ್. ಪ್ರತಿ ವರ್ಷದ ರಾಜ್ಯೋತ್ಸವವನ್ನು ಹಿಂದಿನ ವರ್ಷದ ಮೇಲೇ ರೆಕಾರ್ಡ್ ಮಾಡುವುದು ನಮ್ಮ ಪದ್ಧತಿ. ಹಳೆಯದು ಚೆನ್ನಾಗಿಯೇ ಇರುವಾಗ ಹೊಸ ಕ್ಯಾಸೆಟ್ ಯಾಕೆ? ಇದು ನಮ್ಮ ಸಂಘದಲ್ಲಿ ಯಾರೂ ಬರೆಯದ, ಯಾರೂ ಮೀರದ ಕಾನೂನು. ಹಾಗಾಗಿ ಉಳಿದಿದ್ದದ್ದು ಕಳೆದ ವರ್ಷದ ರಾಜ್ಯೋತ್ಸವ ಒಂದೇ.

ರೇಷ್ಮಾ ಅದನ್ನು ಕಂಪ್ಯೂಟರಿಗೆ ಇಳಿಸಿದಳು. ಎರಡು ಶನಿವಾರ ನಾನು ಅವಳ ಪಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸಿನಿಮಾ ಡೈರೆಕ್ಟರ್ ಹಾಗೆ ಕೂತೆ. ಆ ಫೋಟೋ ಬೇಡ, ಸೆರಗು ಸರಿಯಿಲ್ಲ. ಈ ಫೋಟೋ ಬೇಡ, ಹಿಂದೆ ಬಕೆಟ್ ಕಾಣುತ್ತಿದೆ. ಯಾರೋ ಕೆಮ್ಮುತ್ತಿದ್ದಾರೆ, ತೆಗಿ. ಹುಡುಗಿ ತಾಳ್ಮೆಯಿಂದ ಎಲ್ಲವನ್ನೂ ತೆಗೆಯುತ್ತಾ ಹೋದಳು.

ಹಾಡಿನ ಜಾಗ ಬಂತು. ಶಕುಂತಲಕ್ಕ ಮೇಲೇರಿದರು, ಕೈ ಎತ್ತಿದರು, ತಡೀರ್ರಿ ಎಂದರು. ಸಭೆ ನಕ್ಕಿತು. ನಾನು, ಇದನ್ನು ಕತ್ತರಿಸು, ಎರಡನೇ ಸಲ ಸರಿಯಾಗಿ ಹಾಡಿದ್ದಾರಲ್ಲ, ಅಲ್ಲಿಂದ ಇಟ್ಟುಕೋ ಎಂದೆ.

ರೇಷ್ಮಾ ಮೌಸಿನಿಂದ ಕೈ ತೆಗೆದಳು.

"ಇದು ಇರ್ಲಿ ಬಿಡಿ ಆಂಟಿ," ಎಂದಳು. "ಅಕ್ಕ ಅಂದ್ರೆ ಇದೇ ಅಲ್ವಾ?"

ನಾನು ಒಪ್ಪಲಿಲ್ಲ. ಶ್ರದ್ಧಾಂಜಲಿ ವಿಡಿಯೋದಲ್ಲಿ ಜನ ನಗಬಾರದು ಎಂದೆ. ಸತ್ತವರ ತಪ್ಪನ್ನು ತೋರಿಸಬಾರದು, ಆ ನಟರ ವಿಡಿಯೋದಲ್ಲಿ ಎಲ್ಲಾದರೂ ಹೀಗೆ ನಿಲ್ಲಿಸಿ ಹಾಡಿದ್ದು ನೋಡಿದೆಯಾ ಎಂದು ಭಾಷಣವನ್ನೇ ಮಾಡಿದೆ. ಅವಳು ಕತ್ತರಿಸಿದಳು. ಆ ಮಾತಿದ್ದದ್ದು ಆರು ಸೆಕೆಂಡು, ಅಷ್ಟೇ.

ಇನ್ನೂ ಒಂದು ಘನಕಾರ್ಯವಿದೆ. ವಿಡಿಯೋ ಸಿಡಿಗೆ ಬಂದ ಮೇಲೆ, ಕಂಪ್ಯೂಟರಿನಲ್ಲಿ ಜಾಗ ಸಾಲುತ್ತಿಲ್ಲವೆಂದು ರೇಷ್ಮಾ ಪೇಚಾಡುತ್ತಿದ್ದಳು. ಮೂಲ ರೆಕಾರ್ಡಿಂಗ್ ಅಳಿಸಿಬಿಡು, ಕ್ಯಾಸೆಟ್ ಹೇಗೂ ಇದೆಯಲ್ಲ ಎಂದವಳೂ ನಾನೇ. ಅಕ್ಟೋಬರಿನಲ್ಲಿ ದುರ್ಗಾ ಪೂಜೋ ಬಂತು. ಮೈಸೂರಿನಿಂದ ನನ್ನ ತಂಗಿ ಬಂದಿದ್ದಳು. ಸಂಘದ ಹ್ಯಾಂಡಿಕ್ಯಾಮ್ ತಂದು, ಅವಳನ್ನು ಮುಂದೆ ನಿಲ್ಲಿಸಿ ದುರ್ಗೆಯ ಪಂದಾಲ್‌ಗಳನ್ನೆಲ್ಲ ಶೂಟ್ ಮಾಡಿದೆ.

ಯಾವ ಕ್ಯಾಸೆಟ್ಟಿನ ಮೇಲೆ ಎಂದು ಕೇಳಬೇಡಿ.

ಈಗ ಮತ್ತೆ ರಾಯರ ಪ್ರಶ್ನೆಗೆ ಬರುತ್ತೇನೆ. 'ತಡೀರ್ರಿ' ಎಲ್ಲಿ ಹೋಯಿತು? ವಿಡಿಯೋ ಉದ್ದವಾಗುತ್ತಿತ್ತು ಎಂದೆ.

ರಾಯರು ತಲೆಯಾಡಿಸಿದರು. ಹಾಡು ಇದೆ, ಫೋಟೋ ಇವೆ, ಅದೆಲ್ಲ ಸಂತೋಷ ಎಂದರು. ಆದರೆ ಅವರು ಕಾಯುತ್ತಾ ಕೂತಿದ್ದದ್ದು ಆ ಒಂದು ಮಾತಿಗಂತೆ. ಹೆಂಡತಿ ಮಾತಾಡಿದ್ದು ಎಂದು ಅವರ ಬಳಿ ಬೇರೇನೂ ಇಲ್ಲ.

"ಮನ್ಯಾಗ ಮಾತಾಡೂದನ್ನ ಯಾರು ರೆಕಾರ್ಡ್ ಮಾಡ್ತಾರ್ರಿ? ಆಕಿ ಮಾತು ಅಂತ ಇರೂದು ಅದೊಂದ."

ಅದೊಂದೇ. ಅದನ್ನು ನಾನು ಕೆಮ್ಮಿನ ಜೊತೆ, ಬಕೆಟ್ಟಿನ ಜೊತೆ ಸೇರಿಸಿ ಎಸೆದಿದ್ದೆ.

ಆಗ ಬಾಯಿಬಿಟ್ಟು ಹೇಳಿಬಿಡಬೇಕಿತ್ತು. ಹೇಳಲಿಲ್ಲ. "ಇದೆ ರಾಯರೇ, ಬೇರೆ ಸಿಡಿಯಲ್ಲಿ ಇಟ್ಟಿದೀವಿ, ತಂದುಕೊಡ್ತೀನಿ," ಎಂದುಬಿಟ್ಟೆ. ಅವರ ಮುಖ ಅರಳಿತು. ಆವತ್ತು ನಾನು ಲುಚಿ ಮುಟ್ಟದೆ ಮನೆಗೆ ಹೋದೆ.

ನಿಮ್ಮ ಮನೆಯಲ್ಲೂ ಮದುವೆ ಕ್ಯಾಸೆಟ್ ಇದೆಯಲ್ಲ? ಒಮ್ಮೆ ಹಾಕಿ ನೋಡಿ. ಅದರಲ್ಲಿ ನಿಮ್ಮಮ್ಮ ಓಡಾಡುತ್ತಾರೆ, ಯಾರನ್ನೋ ಊಟಕ್ಕೆ ಕರೆಯುತ್ತಾರೆ, ಯಾರಿಗೋ ಬೈಯುತ್ತಾರೆ. ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಯಾಕೆಂದರೆ ವಿಡಿಯೋದವನು ಅದರ ಮೇಲೆ ಮೂರು ಗಂಟೆ ಸಿನಿಮಾ ಹಾಡು ಹಾಕಿರುತ್ತಾನೆ. ಚೆನ್ನಾಗಿ ಮಾಡಿದ್ದಾನೆ ಎಂದು ನಾವೇ ಹೊಗಳಿ ಕಳಿಸಿರುತ್ತೇವೆ. ಈಗ ಆ ಮೂರು ಗಂಟೆಯಲ್ಲಿ ಅಮ್ಮನ ದನಿ ಎಷ್ಟಿದೆ? ಹುಡುಕಿ ನೋಡಿ, ಆಮೇಲೆ ನನಗೆ ಬೈಯಿರಿ.

ಹುಡುಕಾಟ ಶುರುವಾಯಿತು. ರೇಷ್ಮಾ ಆಫೀಸಿನ ಗೆಳೆಯರನ್ನೆಲ್ಲ ಕೇಳಿ, ಅಳಿಸಿದ ಫೈಲ್ ವಾಪಸ್ ತರುವ ಯಾವುದೋ ಸಾಫ್ಟ್‌ವೇರ್ ತಂದಳು. ಒಂದಿಡೀ ಶನಿವಾರ ಅದನ್ನು ಓಡಿಸಿದೆವು. ಅವಳ ಫ್ಲ್ಯಾಟ್‌ಮೇಟ್ ಡಿಲೀಟ್ ಮಾಡಿದ್ದ ಹಳೆಯ ಹುಡುಗನ ಫೋಟೋಗಳೆಲ್ಲ ಒಂದೂ ಬಿಡದೆ ವಾಪಸ್ ಬಂದವು. (ಆ ಹುಡುಗಿ ನಮ್ಮಿಬ್ಬರ ಜೊತೆ ಈಗಲೂ ಸರಿಯಾಗಿ ಮಾತಾಡುತ್ತಿಲ್ಲ.) ಶಕುಂತಲಕ್ಕನ ಫೈಲ್‌ನ ಹೆಸರು ಮಾತ್ರ ಬಂತು. ತೆರೆದರೆ ಏನೂ ಇಲ್ಲ.

ಉಳಿದದ್ದು ಕ್ಯಾಸೆಟ್. ಈ ಸಲದ ರಾಜ್ಯೋತ್ಸವವನ್ನು ಪುಣ್ಯಕ್ಕೆ ಯಾರೂ ರೆಕಾರ್ಡ್ ಮಾಡಿರಲಿಲ್ಲ. ಪಂದಾಲ್‌ಗಳು ಮುಗಿದ ಮೇಲೆ ಹಳೆಯದು ಸ್ವಲ್ಪವಾದರೂ ಉಳಿದಿರಬಹುದಲ್ಲ? ಜೀವ ಕೈಯಲ್ಲಿ ಹಿಡಿದು ನೋಡಿದೆ. ಧಾಕ್ ಎಂಬ ಡೋಲಿನ ಬಡಿತ, ಧೂಪದ ಹೊಗೆ, ನನ್ನ ತಂಗಿ, ಮತ್ತೆ ಧಾಕ್, ಮತ್ತೆ ತಂಗಿ. ಕೊನೆಗೆ ಚಿತ್ರ ಒಮ್ಮೆ ನಡುಗಿ ಹಳೆಯ ರಾಜ್ಯೋತ್ಸವ ಕಾಣಿಸಿತು. ನಾನು ಕುರ್ಚಿಯ ತುದಿಗೆ ಬಂದೆ.

ವಂದನಾರ್ಪಣೆ. ನಮ್ಮ ಕಾರ್ಯದರ್ಶಿಗಳು ಶಾಮಿಯಾನದವರಿಗೆ, ಅಡುಗೆಯವರಿಗೆ, ಮೈಕಿನವರಿಗೆ ಕೃತಜ್ಞತೆ ಹೇಳುತ್ತಿದ್ದರು. ಹನ್ನೊಂದು ನಿಮಿಷ, ಒಂದು ಅಕ್ಷರವೂ ಅಳಿಯದೆ ಉಳಿದಿತ್ತು. ಅಲ್ಲರೀ, ಈ ಪ್ರಪಂಚದಲ್ಲಿ ಉಳಿಯಬೇಕಾದ್ದೇ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನನ್ನ ಬಳಿ ಕಳಿಸಿ.

ಇನ್ನು ದಾರಿಯಿರಲಿಲ್ಲ. ಬಿಧಾನ್‌ನಗರ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿ ದಕ್ಷಿಣೇಶ್ವರಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಕಂಪ್ಯೂಟರ್ ಕೆಟ್ಟಿತು ಎಂದು ಒಂದು ಸಲ, ಕ್ಯಾಸೆಟ್ಟಿಗೆ ಫಂಗಸ್ ಹಿಡಿಯಿತು ಎಂದು ಇನ್ನೊಂದು ಸಲ. ರಾಯರ ಎದುರು ಕೂತಾಗ ಮಾತ್ರ ನಿಜವೇ ಬಾಯಿಗೆ ಬಂತು. ನಾನೇ ಕತ್ತರಿಸಲು ಹೇಳಿದೆ, ನಾನೇ ಅಳಿಸಲು ಹೇಳಿದೆ, ಕ್ಯಾಸೆಟ್ ಮೇಲೆ ಪಂದಾಲ್ ತುಂಬಿದವಳೂ ನಾನೇ. ಇದೆ ಎಂದು ಹೇಳಿದ್ದು ಸುಳ್ಳು.

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. "ಇರ್ಲಿ ಬಿಡ್ರಿ. ಹಾಡರ ಉಳದೇದಲ್ಲ," ಎಂದರು. ಮಗಳಿಗೆ ಹೇಳಿ ಚಹಾ ಮಾಡಿಸಿದರು. ಮುರಿಗೆ, ಅಂದರೆ ಮಂಡಕ್ಕಿಗೆ, ಹಸಿ ಈರುಳ್ಳಿ, ಸಾಸಿವೆ ಎಣ್ಣೆ ಕಲಸಿ ಬಟ್ಟಲು ನನ್ನ ಮುಂದಿಟ್ಟರು. ನಾನು ತಲೆಯೆತ್ತದೆ ಬಟ್ಟಲು ಖಾಲಿಮಾಡಿದೆ.

ಹೊರಡುವಾಗ ಒಂದು ಮಾತು ಹೇಳಿದರು. ಶಕುಂತಲಕ್ಕ ಭಾನುವಾರಗಳಂದು ಸಂಘದ ಮಹಡಿಯ ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸ್ ಮಾಡುತ್ತಿದ್ದರು. ಅವರು ಹೋದ ಮೇಲೆ ಅದು ನಿಂತೇ ಹೋಗಿತ್ತು. ಅದನ್ನು ನೀವು ಶುರುಮಾಡಿ, ಅವಳ ಪುಸ್ತಕಗಳನ್ನು ನಾನೇ ತಂದುಕೊಡುತ್ತೇನೆ ಎಂದರು. ಆ ಸ್ಥಿತಿಯಲ್ಲಿ ಅವರು ಹೂಗ್ಲಿಗೆ ಹಾರು ಎಂದಿದ್ದರೂ ನಾನು ಹಾರುತ್ತಿದ್ದೆ.

ಹೀಗೆ ಹೋದ ಭಾನುವಾರ ಕ್ಲಾಸ್ ಶುರುವಾಯಿತು.

ಹನ್ನೆರಡು ಮಕ್ಕಳು. ಬೆಂಗಳೂರು, ಉಡುಪಿ, ಶಿವಮೊಗ್ಗ, ಹಾಸನ, ಎಲ್ಲ ಕಡೆಯ ಮನೆಗಳವು. ಅರ್ಧಕ್ಕರ್ಧ ಸೆಕ್ಟರ್ ಫೈವ್‌ನ ಅಪ್ಪಂದಿರು ಅಮ್ಮಂದಿರು ಮನೆಯಿಂದ ಹೊರದಬ್ಬಿ ಕಳಿಸಿದವು. ನಾವು ಕನ್ನಡದಲ್ಲಿ ಕೇಳಿದರೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ, ತಮ್ಮತಮ್ಮಲ್ಲಿ ಹಿಂದಿ, ಕೆಳಗೆ ಖಾರಮಂಡಕ್ಕಿ ಮಾರುವ ಜಾಲ್‌ಮುರಿಯವನ ಜೊತೆ ಬಂಗಾಳಿ. ರಾಯರು ಬಟ್ಟೆಯ ಚೀಲದಲ್ಲಿ ಹೆಂಡತಿಯ ಪುಸ್ತಕ, ಸೀಮೆಸುಣ್ಣದ ಡಬ್ಬಿ ತಂದಿಟ್ಟು, ಹಿಂದಿನ ಬೆಂಚಿನಲ್ಲಿ ಕೂತರು. ರೇಷ್ಮಾ ಹ್ಯಾಂಡಿಕ್ಯಾಮ್ ತಂದಿದ್ದಳು. ಹೊಸ ಕ್ಯಾಸೆಟ್ ಹಾಕಿದ್ದಳು, ನಾನು ಯಾರನ್ನೂ ಕೇಳದೆ ಕೊಂಡದ್ದು.

ಏನು ಕಲಿತಿದ್ದೀರಿ ಎಂದು ಮಕ್ಕಳನ್ನು ಕೇಳಿದೆ. ಮೇಘಾ ಎಂಬ ಎಂಟು ವರ್ಷದ ಪೋರಿ ಎದ್ದು ನಿಂತಳು. "ಆಂಟಿ, ಅಜ್ಜಿ ಸಾಂಗ್ ನಮಗೆ ಫುಲ್ ಬರುತ್ತೆ," ಎಂದಳು. ಮಕ್ಕಳಿಗೆ ಶಕುಂತಲಕ್ಕನೇ ಅಜ್ಜಿ. ಸರಿ, ಹಾಡಿ ಎಂದೆ. ಹನ್ನೆರಡೂ ಎದ್ದವು.

ಆರತಿ ಹಾಡು ಶುರುವಾಯಿತು. ಬಹಳ ಎತ್ತರದಲ್ಲಿ. ಮಕ್ಕಳಲ್ಲವೇ, ಹಾಗೇ ಇರುತ್ತದೆ ಎಂದುಕೊಂಡೆ. ಮೊದಲ ಸಾಲು ಮುಗಿಯಿತು. ಹನ್ನೆರಡೂ ಮಕ್ಕಳು ಒಟ್ಟಿಗೇ ಹಾಡು ನಿಲ್ಲಿಸಿದವು. ಹನ್ನೆರಡು ಬಲಗೈ ಒಟ್ಟಿಗೇ ಮೇಲೆದ್ದವು.

"ತಡೀರ್ರಿ, ಶ್ರುತಿ ಭಾಳ ಮ್ಯಾಲಾತು. ಇಳಸ್ತೀನಿ."

ಒಂದೇ ದನಿ, ಅಚ್ಚ ಧಾರವಾಡದ್ದು. ಹನ್ನೆರಡು ಗಂಟಲು ಒಂದು ಸಲ ಕೆಮ್ಮಿದವು. ಎರಡು ಮೆಟ್ಟಿಲು ಕೆಳಗಿಳಿದು ಹಾಡು ಮತ್ತೆ ಮೊದಲಿಂದ ಶುರುವಾಯಿತು.

ತಮಾಷೆಗೆ ಮಾಡಿದ್ದಲ್ಲ. ಅಣಕವೂ ಅಲ್ಲ. ಒಂದು ಮಗುವೂ ನಗಲಿಲ್ಲ. ಆಮೇಲೆ ಮೇಘಾಳ ನೋಟ್‌ಬುಕ್ ತೆಗೆದು ನೋಡಿದೆ. ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದಾಳೆ. ಮೊದಲ ಸಾಲು, ಅದರ ಕೆಳಗೆ ತಡೀರ್ರಿ, ಶ್ರುತಿ ಭಾಳ ಮ್ಯಾಲಾತು, ಇಳಸ್ತೀನಿ, ಅದರ ಕೆಳಗೆ ಮತ್ತೆ ಮೊದಲ ಸಾಲು. ಪ್ರತಿ ಭಾನುವಾರವೂ ಅಜ್ಜಿ ಹಾಗೇ ಹಾಡಿದ್ದರೆ, ಅದು ಹಾಡಲ್ಲದೆ ಇನ್ನೇನು? ಕನ್ನಡ ಅರೆಬರೆ ಗೊತ್ತಿರುವ ಮಗುವಿಗೆ ಅದರಲ್ಲಿ ಯಾವುದು ಹಾಡು, ಯಾವುದು ಮಾತು ಎಂದು ಹೇಗೆ ತಿಳಿಯಬೇಕು?

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಸೆರಗು ಬಾಯಿಗಿಟ್ಟುಕೊಂಡು ಹಿಂದೆ ತಿರುಗಿದೆ. ರಾಯರು ನಗುತ್ತಿದ್ದರು. ಭುಜ ಕುಲುಕುವಷ್ಟು ನಗು. ಸಂಘದಲ್ಲಿ ಎಷ್ಟೋ ರಾಜ್ಯೋತ್ಸವಗಳಂದು ಅವರು ಅದೇ ಜಾಗಕ್ಕೆ ಹೀಗೇ ನಗುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಕರವಸ್ತ್ರ ಮುಖಕ್ಕೆ ಒತ್ತಿಕೊಂಡಿದ್ದರು. ಅದನ್ನು ತೆಗೆದು ಮಕ್ಕಳಿಗೆ ಹೇಳಿದ್ದು ಇಷ್ಟೇ.

"ಇನ್ನೊಮ್ಮೆ ಹೇಳ್ರಿ. ಮೊದಲಿಂದ."

ಮಕ್ಕಳು ಇನ್ನೊಮ್ಮೆ ಹೇಳಿದವು. ಆಮೇಲೆ ಮತ್ತೊಮ್ಮೆ. ರೇಷ್ಮಾ ಒಂದು ಕ್ಷಣವೂ ಕ್ಯಾಮೆರಾ ಆಫ್ ಮಾಡಲಿಲ್ಲ. ನಾನೂ ಯಾವುದನ್ನೂ ತೆಗಿ ಎನ್ನಲಿಲ್ಲ. ಕೆಳಗೆ ಜಾಲ್‌ಮುರಿಯವನು ಕೂಗಿದ್ದೂ ಅದರಲ್ಲಿದೆ, ನಾನು ಮೂಗೊರೆಸಿಕೊಂಡದ್ದೂ ಇದೆ.

ದೊಡ್ಡ ಕಲಾವಿದರ ಹಾಡು ನಮಗೆ ತಲುಪುವಾಗಲೇ ತಿದ್ದಿ ತೀಡಿ ಬಂದಿರುತ್ತದೆ. ಅವರು ಎಲ್ಲಿ ತಡವರಿಸಿದರು, ಎಷ್ಟು ಸಲ ಮೊದಲಿಂದ ಹಾಡಿದರು ಎಂದು ನಾವು ಕೇಳಿಯೇ ಇಲ್ಲ. ಆದ್ದರಿಂದ ಅವರನ್ನು ನೆನೆಯುವಾಗ ಅದು ನಮಗೆ ಬೇಕೆನಿಸುವುದಿಲ್ಲ. ಮನೆಯವರ ವಿಷಯ ಬೇರೆ. ಅವರ ಜೊತೆ ನಾವು ಬದುಕಿದ್ದೇ ಆ ತಡವರಿಕೆಯ ಜೊತೆಗೆ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ, ಇಪ್ಪತ್ತಾರು ವರ್ಷದ ರೇಷ್ಮಾಗೆ ಹೊಳೆದಿತ್ತು.

ಕ್ಲಾಸ್ ಮುಗಿದು ಮೆಟ್ಟಿಲು ಇಳಿಯುವಾಗ ಮೇಘಾಳ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ಮಗಳ ಬಗ್ಗೆ ಅವಳಿಗೆ ಸ್ವಲ್ಪ ನಾಚಿಕೆಯಾಗಿತ್ತು. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಈ ಮಕ್ಕಳೇ ಪ್ರಾರ್ಥನೆ ಹಾಡಬೇಕಂತೆ. ಎಲ್ಲರೆದುರು ಹೀಗೆ ಮಧ್ಯದಲ್ಲಿ ನಿಲ್ಲಿಸಿದರೆ ಚೆನ್ನಾಗಿರುವುದಿಲ್ಲ, ಅಷ್ಟರೊಳಗೆ ನೀವು ಆ ತಪ್ಪನ್ನು ತಿದ್ದಿಬಿಡಿ ಆಂಟಿ ಎಂದಳು.

ತಿದ್ದುವುದರಲ್ಲಿ ನನ್ನ ಕೈ ಎಂಥದ್ದೆಂದು ನೀವೀಗ ಓದಿದಿರಿ. ನೀವೇ ಹೇಳಿ, ತಿದ್ದಲೇ?